ಮೂಟೆ ಎತ್ತುವವರು ಯಾರು

ನನ್ನ ಸೊಸೆಯ ಸೊಂಟ ಹಿಡಿದುಕೊಂಡದ್ದು ಭಟ್ಟಿಯ ಬಾಯಿ ಮುಂದೆ, ಬೆಳಗಿನ ಬ್ರೆಡ್ಡಿನ ಟ್ರೇ ಹೊರಗೆಳೆಯುವಾಗ. ಬಗ್ಗಿದವಳು ಬಗ್ಗಿದ ಹಾಗೆಯೇ ನಿಂತಳು. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಏನಾದರೂ ಬೀಳಿಸಿಕೊಂಡೆಯಾ ಎಂದು ಕೇಳಿದೆ.

"ಇಲ್ಲ ಅತ್ತೆ, ನಾನೇ ಬಿದ್ದಿದ್ದೀನಿ. ನೋಡೋಕೆ ನಿಂತ ಹಾಗೆ ಕಾಣ್ತಿದ್ದೀನಿ ಅಷ್ಟೆ," ಎಂದಳು.

ಪ್ರಾಣ ಹೋಗುವ ಹೊತ್ತಿನಲ್ಲೂ ಅವಳ ಬಾಯಿ ಸುಮ್ಮನಿರುವುದಿಲ್ಲ. ಕೈಯಲ್ಲಿದ್ದ ಬಿಸಿ ಟ್ರೇಯನ್ನು ಹೇಗೋ ಮೇಜಿಗೆ ತಲುಪಿಸಿ, ಆಮೇಲೆ ಗೋಡೆ ಹಿಡಿದು ನೆಲಕ್ಕಿಳಿದಳು. ನಾನು ಬೆಳ್ಳುಳ್ಳಿ ಬಿಸಾಕಿ ಓಡಿದೆ. ಓಡಿದೆ ಎಂದರೆ, ನನ್ನ ಮೊಣಕಾಲು ಬಿಟ್ಟಷ್ಟು.

ನಮ್ಮದು ಬೇಕರಿ. ಬೀದಿಗೆ ಅಂಗಡಿ, ಅದರ ಹಿಂದೆ ಭಟ್ಟಿಮನೆ, ಅದರ ಹಿಂದೆ ಅಡುಗೆಮನೆ, ಮೇಲೆ ಎರಡು ಕೋಣೆ. ಭಟ್ಟಿ ಕಟ್ಟಿಸಿದ್ದು ನನ್ನ ಗಂಡ, ಉಳಿಸಿದ್ದು ಸೊಸೆ. ಅವರು ಹೋದ ಮೇಲೆ ಹಿಟ್ಟಿನ ತೊಟ್ಟಿಗೆ ಕೈ ಹಾಕಲು ಬೇರೆ ಯಾರೂ ಮುಂದೆ ಬರಲಿಲ್ಲ, ಅವಳು ಬಂದಳು. ಮೈದಾ ಮೂಟೆಯನ್ನು ಹಿಂಬಾಗಿಲಿಂದ ಎಳೆದು ತರುವುದು, ನಾದುವುದು, ಸೌದೆ ಒಟ್ಟುವುದು, ಬಗ್ಗಿ ಟ್ರೇ ತಳ್ಳುವುದು, ಮತ್ತೆ ಬಗ್ಗಿ ಎಳೆಯುವುದು, ಎಲ್ಲ ಅವಳೇ. ಅದು ಮುಗಿದರೆ ಮನೆಯ ಬಟ್ಟೆ, ನೀರು, ಕಸ. ನನ್ನ ಮಗ ಗಲ್ಲಾ ಪೆಟ್ಟಿಗೆಯ ಹಿಂದೆ ಕೂರುತ್ತಾನೆ. ಬೀದಿಯವರು ಅವನನ್ನು 'ಗಲ್ಲಾ ಸಾಹುಕಾರ' ಅನ್ನುತ್ತಾರೆ. ಕೆಟ್ಟವನಲ್ಲ, ಕುಡಿತವಿಲ್ಲ, ಕೂಗಾಟವಿಲ್ಲ. ಕೂತಲ್ಲಿ ಬೇರು ಬಿಟ್ಟಿದ್ದಾನೆ ಅಷ್ಟೆ. ಹೆತ್ತವಳು ನಾನು ಹೇಳಬಹುದು. ಬೇರೆ ಯಾರಾದರೂ ಹೇಳಿದರೆ ಜಗಳಕ್ಕೆ ನಿಲ್ಲುತ್ತೇನೆ.

ಸೊಸೆಯ ಬೆನ್ನುನೋವು ಅಂದಿನದಲ್ಲ. ಮೂರು ವರ್ಷದಿಂದ ಇತ್ತು. ಸೊಂಟದಿಂದ ಎಡ ತೊಡೆಗೆ ಇಳಿಯುವ ಸೆಳೆತ. ಗುಳಿಗೆ ನುಂಗಿ, ಪಟ್ಟಿ ಬಿಗಿದುಕೊಂಡು ನಡೆಸುತ್ತಿದ್ದಳು. ಈ ಸಲ ಮಾತ್ರ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಮೊಮ್ಮಗ ಅವಳನ್ನು ತಾನು ಕೆಲಸ ಮಾಡುವ ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದ. ಅವನು ಅಲ್ಲಿ ಬಿಲ್ಲಿನ ಕೌಂಟರಿನಲ್ಲಿದ್ದಾನೆ. ಡಿಸ್ಕ್ ಜಾರಿ ನರ ಒತ್ತುತ್ತಿದೆ ಎಂದು ಬಂತು.

ಆ ವಾರದ ಕೊನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಮೊಮ್ಮಗ ಸುದ್ದಿ ಹೇಳಿದ. ಬೇಯಿಸಿದ ಆಲೂಗಡ್ಡೆ, ಅನ್ನ, ಮೊಟ್ಟೆ. ಮಾಡಿದ್ದು ಮೊಮ್ಮಗಳು, ಆದ್ದರಿಂದ ಉಪ್ಪು ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಇಲ್ಲವೇ ಇಲ್ಲ.

"ಅಮ್ಮ, ದೊಡ್ಡ ಡಾಕ್ಟರ ಹತ್ರ ಮಾತಾಡಿದ್ದೀನಿ. ಮುಂದಿನ ತಿಂಗಳ ಕೊನೇಲಿ ದಿನ ಕೊಟ್ಟಿದ್ದಾರೆ. ನಮ್ಮಂಥ ಸಿಬ್ಬಂದಿ ಮನೆಯವರಿಗೆ ಖರ್ಚೂ ಕಮ್ಮಿ."

"ಯಾತಕ್ಕೆ ದಿನ?"

"ಆಪರೇಷನ್‌ಗೆ."

"ನನ್ನನ್ನ ಯಾರಾದ್ರೂ ಕೇಳಿದ್ರಾ?"

"ಸ್ಕ್ಯಾನ್ ನೋಡಿದ್ರಲ್ಲಮ್ಮ."

ಸೊಸೆ ತುತ್ತನ್ನು ತಟ್ಟೆಗೆ ಇಳಿಸಿದಳು. ಮೊಮ್ಮಗ ನಿಲ್ಲಿಸಲಿಲ್ಲ. ಆಪರೇಷನ್ ಆದ ಮೇಲೆ ಭಟ್ಟಿ ಮುಂದೆ ನಿಲ್ಲುವ ಗೋಳೇ ಬೇಡ ಎಂದ. ಪ್ಯಾಕೆಟ್ ಬ್ರೆಡ್ಡಿನ ಕಂಪನಿಯೊಂದು ಅಂಗಡಿಗಳನ್ನು ಹುಡುಕುತ್ತಿದೆಯಂತೆ. ಭಟ್ಟಿ ಒಡೆದು ಆ ಜಾಗದಲ್ಲಿ ದೊಡ್ಡ ಫ್ರಿಜ್ಜು ಇಟ್ಟರೆ ಅವರೇ ಮಾಲು ತಂದು ತುಂಬುತ್ತಾರೆ, ನಾವು ಮಾರಿದರಾಯಿತು. ನನ್ನ ಮಗ ತಲೆಯೆತ್ತದೆ, ಯೋಚನೆ ಮಾಡಬಹುದಾದ ವಿಷಯವೇ ಅಂದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ನನಗಾಗ ಗೊತ್ತಾಯಿತು. ಸೊಸೆಗೂ ಗೊತ್ತಾಯಿತು.

"ಓಹೋ," ಎಂದಳು. "ನನ್ನ ಬೆನ್ನು ಕೊಯ್ಸಿ ನಿಮ್ಮ ಕುರ್ಚಿ ಮೆತ್ತಗೆ ಮಾಡ್ಕೊಳ್ಳೋ ಯೋಚನೆಯೇನ್ರೀ?"

ಮಗ ನೀರು ಕುಡಿದ. ಮೊಮ್ಮಗನ ಮುಖ ಕೆಂಪಾಯಿತು. ನಿನ್ನ ಒಳ್ಳೆಯದಕ್ಕೇ ಅಲ್ಲವೇ ಎಂದು ಶುರುಮಾಡಿದ. ಅವಳು ಕೈಯಡ್ಡ ಹಿಡಿದಳು.

"ಆ ದಿನ ಬರೋವರೆಗೂ ನನ್ನ ಪಾಡಿಗೆ ನನ್ನ ಬಿಡಿ. ಕೊಯ್ಸಿಕೊಳ್ಳದೆ ವಾಸಿ ಮಾಡ್ಕೊಳ್ಳೋ ದಾರಿ ನಾನು ನೋಡ್ತೀನಿ. ಅಷ್ಟರಲ್ಲಿ ಭಟ್ಟಿ ಮುಂದೆ ನಿಂತ್ಕೊಳ್ಳೋ ಹಾಗಾದ್ರೆ ಭಟ್ಟಿ ನಂದು. ಆಗದಿದ್ರೆ ಕೊಯ್ಸಿ, ಒಡೀರಿ, ಏನಾದ್ರೂ ಮಾಡ್ಕೊಳ್ಳಿ."

ಆಗಲಿ ಎಂದು ಮೊಮ್ಮಗ ಒಪ್ಪಿದ. ಅವನ ಒಪ್ಪಿಗೆಯಲ್ಲಿ, ಇವಳು ಸೋಲುವುದು ಖಂಡಿತ ಎಂಬ ಧೈರ್ಯ ಎದ್ದು ಕಾಣುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೇ ಕಾಲ ಕೆಟ್ಟಿತ್ತು, ಏಕೆಂದರೆ ಆ ಭಟ್ಟಿ ಹೋದರೆ ನನ್ನ ಗಂಡನದು ಅಂತ ಈ ಮನೆಯಲ್ಲಿ ಉಳಿಯುವುದು ಒಂದು ಫೋಟೋ ಮಾತ್ರ.

ದಾರಿ ಹೇಳಿದ್ದು ದಿನಾ ಬನ್ನು ಒಯ್ಯುವ ಶಾಲಾ ವ್ಯಾನಿನ ಡ್ರೈವರು. ಅವನಿಗೂ ಸೊಂಟ ಹಿಡಿದಿತ್ತಂತೆ, ಸೈಕಲ್ ಅಂಗಡಿಯ ಮಹಡಿಯ ಮೇಲಿರುವ ಆಯುರ್ವೇದದ ಡಾಕ್ಟರಮ್ಮನ ಹತ್ತಿರ ಹೋಗಿ ಹತೋಟಿಗೆ ಬಂತಂತೆ. ಮಾರನೆಯ ದಿನವೇ ನಾನು, ಸೊಸೆ, ಮೊಮ್ಮಗಳು ಹೊರಟೆವು. ಮೊಮ್ಮಗಳು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿಯುತ್ತಾಳೆ, ಮಧ್ಯಾಹ್ನದ ಮೇಲೆ ಬಿಡುವು. ಮೆಟ್ಟಿಲು ಹತ್ತುವಾಗ ಸೊಸೆ ಕಂಬಿ ಹಿಡಿದು ನಿಂತು ನಿಂತು ಹತ್ತಿದಳು. ಅವಳ ಹಿಂದೆ ನಾನು. ಇಬ್ಬರಲ್ಲಿ ಯಾರು ರೋಗಿ ಎಂದು ಕೇಳಿದರು ಡಾಕ್ಟರಮ್ಮ.

ಎಳೆ ಪ್ರಾಯದ ಹೆಂಗಸು, ನಗು ಕಮ್ಮಿ. ಸ್ಕ್ಯಾನ್ ಬೆಳಕಿಗೆ ಹಿಡಿದು ನೋಡಿದರು. ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು, ಮಲಗಿಸಿ ಕಾಲೆತ್ತಿಸಿದರು. ಕಾಲಿಗೆ ಬಲ ಇದೆ, ಪ್ರಯತ್ನ ಮಾಡೋಣ ಎಂದರು. ಆದರೆ ಕಾಲು ಮರಗಟ್ಟಿದರೆ, ಸೋತು ಬಂದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು, ನನ್ನ ಹತ್ತಿರ ಬರಬಾರದು ಎಂದು ಬೆರಳು ತೋರಿಸಿ ಹೇಳಿದರು. ನನಗೆ ಆ ಮಾತಿನಿಂದಲೇ ನಂಬಿಕೆ ಬಂತು. ಎಲ್ಲ ನಾನೇ ವಾಸಿ ಮಾಡುತ್ತೇನೆ ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ.

ಚಿಕಿತ್ಸೆ ಏನೆಂದರೆ, ಎಣ್ಣೆ ತಿಕ್ಕಿ ಬಿಸಿ ಶಾಖ ಕೊಡುವುದು, ಆಮೇಲೆ ಕಟಿ ಬಸ್ತಿ. ಬೋರಲು ಮಲಗಿಸಿ, ಸೊಂಟದ ಮೇಲೆ ಉದ್ದಿನ ಹಿಟ್ಟಿನಿಂದ ಬಳೆಯಂತೆ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ಔಷಧಿ ಎಣ್ಣೆ ತುಂಬಿ ನಿಲ್ಲಿಸುವುದು. ಹೊಟ್ಟೆಗೆ ಕಷಾಯ. ಗಟ್ಟಿ ಹಾಸಿಗೆ. ನೋವು ಇಳಿದ ಮೇಲೆ ಸಣ್ಣಪುಟ್ಟ ವ್ಯಾಯಾಮ. ಇಷ್ಟು ಹೇಳಿ ಡಾಕ್ಟರಮ್ಮ ಒಂದು ಪ್ರಶ್ನೆ ಕೇಳಿದರು.

"ನಿಮ್ಮನೇಲಿ ಮೈದಾ ಮೂಟೆ ಎತ್ತೋದು ಯಾರು?"

"ನಾನೇ."

"ಭಟ್ಟಿಗೆ ಬಗ್ಗೋದು?"

"ನಾನೇ."

"ಬಟ್ಟೆ ಒಗೆದು ಬಕೆಟ್ ಎತ್ತೋದು?"

ಸೊಸೆ ನನ್ನ ಮುಖ ನೋಡಿದಳು.

"ನೋಡಿಯಮ್ಮ, ಇಲ್ಲಿ ನಾನು ಎಣ್ಣೆ ಹಾಕೋದು, ಅಲ್ಲಿ ನೀವು ಮೂಟೆ ಎತ್ತೋದು ಅಂದ್ರೆ ಇದು ಈ ಜನ್ಮಕ್ಕೆ ಮುಗಿಯಲ್ಲ. ಎಣ್ಣೆ, ಕಷಾಯ ನಾನು ಕೊಡ್ತೀನಿ. ಎತ್ತದೆ ಇರೋದು, ಬಗ್ಗದೆ ಇರೋದು ನಿಮ್ಮನೆಯವರು ಕೊಡಬೇಕು."

ಮನೆಗೆ ಬಂದು ನಾನು ಎಲ್ಲರನ್ನೂ ಕೂರಿಸಿದೆ. ನನಗೆ ವಯಸ್ಸಾಗಿದೆ, ಮಾತು ಹಿಂಜಿ ಹಿಂಜಿ ಆಡುವ ವ್ಯವಧಾನವಿಲ್ಲ. ಇನ್ನು ಮೇಲೆ ಗಲ್ಲಾದಲ್ಲಿ ನಾನು ಕೂರುತ್ತೇನೆ, ನೀನು ಎದ್ದು ಭಟ್ಟಿಮನೆಗೆ ಹೋಗು ಎಂದು ಮಗನಿಗೆ ಹೇಳಿದೆ. ಕಾಸಿನ ಲೆಕ್ಕ ನಿನಗೆ ಬರುತ್ತೇನಮ್ಮ ಎಂದು ಅವನು ಕೇಳಿದ. ನಿನಗೆ ಎಣಿಸಲು ಕಲಿಸಿದವಳು ಯಾರೋ ಎಂದೆ. ಮೊಮ್ಮಗಳು ಬೆಳಿಗ್ಗೆ ನಾದುತ್ತೇನೆ ಎಂದು ಒಪ್ಪಿಕೊಂಡಳು. ಮೊಮ್ಮಗ ಮಾತ್ರ, ತನಗೆ ಬೆಳಗಿನ ಪಾಳಿ, ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೋಗಬೇಕು, ಹಿಟ್ಟಿನ ಧೂಳಿಗೆ ಇಳಿಯಲಾಗದು ಎಂದ. ದಿನ ಹತ್ತಿರ ಬಂದಾಗ ನೋಡೋಣ ಎಂದು ಸೇರಿಸಿದ.

ಮೊದಲ ವಾರದ ಬ್ರೆಡ್ಡು ನೋಡಬೇಕಿತ್ತು. ನನ್ನ ಮಗ ಮೂಟೆ ಎತ್ತಲಾರದೆ ಅದನ್ನು ಬಾಗಿಲಲ್ಲೇ ಬಿಚ್ಚಿ ಡಬ್ಬದಲ್ಲಿ ತುಂಬಿ ತುಂಬಿ ತಂದು ಸುರಿದ. ಬಾಗಿಲಿಂದ ತೊಟ್ಟಿಯವರೆಗೂ ಬಿಳಿ ದಾರಿ. ಟ್ರೇ ಎಳೆಯುವುದು ತಡವಾಗಿ ಬನ್ನಿನ ತಳ ಕರಿಬಣ್ಣಕ್ಕೆ ತಿರುಗಿತು. ಸೊಸೆ ಭಟ್ಟಿಮನೆಯ ಬಾಗಿಲಲ್ಲಿ ಹಲಗೆ ಮಂಚ ಹಾಕಿಸಿಕೊಂಡು ಅಲ್ಲಿಂದಲೇ ಆಳಿದಳು. ಈಗ ಎಳೀರಿ, ಇನ್ನೂ ಸ್ವಲ್ಪ ತಡೀರಿ, ಅದೇನು ಹಿಟ್ಟು ಮುದ್ದು ಮಾಡ್ತಿದ್ದೀಯಾ, ಗುದ್ದು. ಗಂಡ ಹೆಂಡತಿ ಮದುವೆಯಾದ ಲಾಗಾಯ್ತು ಆಡದಷ್ಟು ಜಗಳ ಆ ವಾರ ಆಡಿದರು. ನಾನು ಗಲ್ಲಾದಲ್ಲಿ ಕೂತು ಸುಟ್ಟ ಬನ್ನು ಮಾರಿದೆ. ಕರಿದಾಗಿದೆಯಲ್ಲಜ್ಜಿ ಎಂದವರಿಗೆ, ಹಲ್ಲು ಗಟ್ಟಿಯಾಗುತ್ತೆ, ತಿನ್ನಿ ಎಂದೆ.

ಒಂದು ದಿನ ಬಿಟ್ಟು ಒಂದು ದಿನ ಸೊಸೆ ಮಹಡಿ ಹತ್ತಿ ಚಿಕಿತ್ಸೆ ತೆಗೆದುಕೊಂಡು ಬರುತ್ತಿದ್ದಳು. ಕಷಾಯ ಎಷ್ಟು ಕಹಿ ಎಂದರೆ, ನಮ್ಮ ಮನೆಯವರ ಮಾತೇ ವಾಸಿ ಅನ್ನುತ್ತಿದ್ದಳು. ಎರಡನೆಯ ವಾರದಲ್ಲಿ ಜೋರು ಗಾಳಿಮಳೆ ಬಂದು ಹೋಗಲಾಗಲಿಲ್ಲ. ಮೊಮ್ಮಗಳಿಗೆ ಒಂದು ಹುರುಪು ಬಂತು. ನಾನು ಅಲ್ಲಿ ನಿಂತು ನೋಡಿದ್ದೀನಿ, ಮನೆಯಲ್ಲೇ ಮಾಡೋಣ ಎಂದಳು. ಎಣ್ಣೆ ಇತ್ತು. ಉದ್ದಿನ ಹಿಟ್ಟು ಇರಲಿಲ್ಲ. ಅದಕ್ಕೇನು, ತೊಟ್ಟಿಯಲ್ಲಿ ನಾಳೆಯ ಬನ್ನಿಗೆ ಕಲಸಿದ ಹಿಟ್ಟಿದೆಯಲ್ಲ ಎಂದಳು. ನಮಗೆ ಯಾರಿಗೂ ಅದು ತಪ್ಪೆನ್ನಿಸಲಿಲ್ಲ. ಹಿಟ್ಟಿನ ವಿಷಯದಲ್ಲಿ ನಮಗೆ ಪಾಠ ಹೇಳುವವರು ಯಾರಿದ್ದಾರೆ ಎಂಬ ಜಂಬ ನಮ್ಮ ಮನೆಯ ಸೊಸೆಯಿಂದ ಹಿಡಿದು ಬೆಕ್ಕಿನವರೆಗೂ ಇದೆ.

ಸೊಸೆಯನ್ನು ಮಹಡಿಯ ಕೋಣೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿಸಿ ಮೊಮ್ಮಗಳು ಚೆಂದದ ಕಟ್ಟೆ ಕಟ್ಟಿದಳು. ಬೆಚ್ಚನೆಯ ಎಣ್ಣೆ ಸುರಿದಳು. ಮೊದಲು ಎಲ್ಲ ಸರಿ ಇತ್ತು. ಆಮೇಲೆ ಈಸ್ಟ್ ಹಾಕಿದ ಹಿಟ್ಟು ಬಿಸಿ ತಗುಲಿದಾಗ ಏನು ಮಾಡುತ್ತದೋ ಅದನ್ನೇ ಮಾಡಿತು. ಉಬ್ಬಿತು. ಕಟ್ಟೆ ಹಿಗ್ಗಿ ಮೆತ್ತಗಾಗಿ ಒಂದು ಕಡೆ ಬಿಟ್ಟುಕೊಂಡಿತು. ಎಣ್ಣೆ ಸೊಂಟದಿಂದ ಚಾಪೆಗೆ, ಚಾಪೆಯಿಂದ ನೆಲಕ್ಕೆ ಹರಿಯಿತು. ಬಟ್ಟೆ ತಾ ಎಂದು ಮೊಮ್ಮಗಳು ಕೂಗಿದಳು. ಆಗಷ್ಟೇ ಕೆಲಸದಿಂದ ಬಂದ ಮೊಮ್ಮಗ ಏನಾಯಿತೋ ಎಂದು ಗಾಬರಿಯಿಂದ ಒಳಗೆ ಓಡಿಬಂದ. ಇಸ್ತ್ರಿ ಪ್ಯಾಂಟಿನ ಸಮೇತ ಜಾರಿ ಎಣ್ಣೆಯ ನಡುವೆ ಕೂತ.

ಸೊಸೆ ತಲೆ ಹೊರಳಿಸಿ ಮಗನನ್ನು ನೋಡಿದಳು. "ನಿಂಗೂ ಶುರುವಾಯ್ತಾ ಚಿಕಿತ್ಸೆ?" ಎಂದಳು. ನಗಲು ಹೋಗಿ ಸೊಂಟ ಹಿಡಿದುಕೊಂಡು ಅಯ್ಯಯ್ಯೋ ಎಂದಳು, ಮತ್ತೆ ನಕ್ಕಳು. ನಾವೆಲ್ಲ ನಕ್ಕೆವು, ಮೊಮ್ಮಗನೊಬ್ಬನನ್ನು ಬಿಟ್ಟು. ಮಾರನೆಯ ದಿನ ಡಾಕ್ಟರಮ್ಮ ಮೊಮ್ಮಗಳಿಗೆ ಚೆನ್ನಾಗಿ ಬೈದರು. ನೋಡಿದ್ದೆಲ್ಲ ಮನೆಯಲ್ಲಿ ಮಾಡುವುದಕ್ಕೆ ಇದೇನು ಮುಖಕ್ಕೆ ಹಚ್ಚುವ ಕ್ರೀಮೇ ಎಂದರು. ಅವಳು ತಲೆ ತಗ್ಗಿಸಿ ಕೇಳಿಕೊಂಡಳು, ಕೇಳಿಕೊಳ್ಳಬೇಕಾದ್ದೇ.

ಮೂರನೆಯ ವಾರದ ಹೊತ್ತಿಗೆ ತೊಡೆಯ ಸೆಳೆತ ಇಳಿಯಿತು. ಸೊಸೆ ಬೆಳಿಗ್ಗೆ ಎದ್ದು ನೆಟ್ಟಗೆ ನಿಂತು ಚಹಾ ಕುಡಿದಳು. ಮೊದಲು ಗೋಡೆಗೊರಗಿಕೊಂಡು ಕುಡಿಯುತ್ತಿದ್ದಳು. ಭಟ್ಟಿಮನೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ಬನ್ನು ಉಂಡೆ ಕಟ್ಟುವಷ್ಟಾದಳು. ಬ್ರೆಡ್ಡೂ ಮನುಷ್ಯರು ತಿನ್ನುವ ಹಾಗಾಯಿತು. ನನ್ನ ಮಗ ಟ್ರೇ ಎಳೆಯುವುದರಲ್ಲಿ ಪಳಗಿದ್ದ, ಆದರೆ ಅವನ ಮುಖ ದಿನೇ ದಿನೇ ಇಳಿಯುತ್ತಿತ್ತು. ಕೂತು ಉಂಡವನಿಗೆ ನಿಂತು ದುಡಿಯುವುದು ಸುಲಭವಲ್ಲ. ಪಾಪ ಅನ್ನಿಸುತ್ತಿತ್ತು, ಆದರೂ ಗಲ್ಲಾ ಬಿಟ್ಟುಕೊಡಲಿಲ್ಲ. ನನಗೂ ಅಲ್ಲಿ ಕೂತು ರುಚಿ ಹತ್ತಿತ್ತು.

ಆಮೇಲೆ ಒಂದು ಕ್ರೀಡಾಕೂಟದ ಆರ್ಡರು ಬಂತು. ಶಾಲೆಯ ಮಕ್ಕಳಿಗೆಲ್ಲ ಬನ್ನು, ಬೆಳಿಗ್ಗೆ ಹೊತ್ತೇರುವುದರೊಳಗೆ ಕೊಡಬೇಕು. ಬೇಡ ಅಂದೆ. ಸೊಸೆ ಕೇಳಲಿಲ್ಲ. ಪ್ಯಾಕೆಟ್ಟಿನವರಿಗೆ ಹೋಗುವ ಆರ್ಡರನ್ನು ನಮಗೆ ಕೊಟ್ಟಿದ್ದಾರೆ, ಹೇಗೆ ಬಿಡುವುದು ಎಂದಳು. ಮಗನೂ ಸರಿ ಅಂದ. ಆದರೆ ಹಿಂದಿನ ದಿನ ಸಂಜೆ ಹಿಟ್ಟು ಕಲಸಬೇಕಾದ ಹೊತ್ತಿಗೆ ಮಗ ಮನೆಯಲ್ಲಿರಲಿಲ್ಲ. ಒಂದು ನಿಮಿಷ ಬಂದೆ ಎಂದು ಹೋದವನ ಸುಳಿವಿಲ್ಲ. ಮೊಮ್ಮಗಳು ಪಾರ್ಲರಿನಿಂದ ಬಂದಿರಲಿಲ್ಲ. ಮೂಟೆ ಹಿಂಬಾಗಿಲಲ್ಲಿ ಬಿದ್ದಿತ್ತು. ನಾನು ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದೆ. ಧೊಪ್ಪೆಂದು ಸದ್ದಾಯಿತು, ಮೊದಲು ಮೂಟೆಯದು, ಆಮೇಲೆ ಸೊಸೆಯದು.

ಈ ಸಲ ಅವಳು ತಮಾಷೆ ಮಾಡಲಿಲ್ಲ. ತುಟಿ ಕಚ್ಚಿಕೊಂಡು ಅತ್ತಳು. ನನಗೆ ಎತ್ತಲಾಗದೆ ಅವಳ ಪಕ್ಕದಲ್ಲೇ ಹಿಟ್ಟಿನ ನೆಲದಲ್ಲಿ ಕೂತೆ. ಮಗ ಬಂದ. ಎಲ್ಲಿ ಸತ್ತಿದ್ದೆಯೋ ಎಂದು ಕೇಳಿದೆ. ಪ್ಯಾಕೆಟ್ ಬ್ರೆಡ್ಡಿನವರ ಏಜೆಂಟ್ ಕರೆದಿದ್ದ, ಮಾತು ಕೇಳಿಕೊಂಡು ಬರೋಣ ಅಂತ ಹೋಗಿದ್ದೆ ಎಂದ. ಹೇಳಿದ ಮೇಲೆ ಅವನಿಗೇ ತಾನು ಏನು ಹೇಳಿದೆ ಎಂದು ಅರ್ಥವಾಯಿತು. ನನಗೆ ಸಿಟ್ಟು ನೆತ್ತಿಗೇರಿತು. ಆ ವಯಸ್ಸಿನ ಮಗನಿಗೆ ಹೊಡೆಯಬಾರದು ಎಂದು ಕೈ ಹಿಂದೆ ಕಟ್ಟಿಕೊಂಡೆ. ಆರ್ಡರು ಹೋಯಿತು. ಪ್ಯಾಕೆಟ್ಟಿನವರ ಬನ್ನು ತಿಂದು ಮಕ್ಕಳು ಓಡಿದರು.

ಮೊಮ್ಮಗ ಆಟ ಮುಗಿಯಿತು ಅನ್ನುವ ಹಾಗೆ ಹಾಸಿಗೆಯ ಪಕ್ಕ ಕೂತ. ಎಣ್ಣೆ ಕಷಾಯದಿಂದ ಆಗುವುದಿಷ್ಟೇ ಎಂದ. ನಾಳೆಯೇ ದೊಡ್ಡ ಡಾಕ್ಟರಿಗೆ ತೋರಿಸಿ ಬೇಗ ಮುಗಿಸಿಬಿಡೋಣ ಎಂದ. ಸೊಸೆ, ಆಗಲಿ, ಕರ್ಕೊಂಡು ಹೋಗು ಎಂದಳು. ಅವಳ ಬಾಯಿಂದ ಆ ಮಾತು ಬಂದಾಗ ನನಗೆ ಊಟ ಸೇರಲಿಲ್ಲ. ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಮೊಮ್ಮಗ ಬೇಡ ಎಂದ, ನಾನು ಕೇಳಿಸಿಕೊಳ್ಳಲಿಲ್ಲ.

ದೊಡ್ಡ ಡಾಕ್ಟರು ದೊಡ್ಡವರೇ, ಮನೆಗಿಂತ ದೊಡ್ಡ ಕೋಣೆ. ಆದರೆ ಮನುಷ್ಯ ಒಳ್ಳೆಯವರು. ಪರೀಕ್ಷೆ ಮಾಡಿ, ಸ್ನಾಯು ಹಿಡಿದಿದೆ ಅಷ್ಟೆ, ನರಕ್ಕೆ ಹೊಸದಾಗಿ ಏನೂ ಆಗಿಲ್ಲ ಎಂದರು. ಮೊಮ್ಮಗ ಆಪರೇಷನ್ನಿನ ಮಾತೆತ್ತಿದ. ಸೊಸೆ ಅವನನ್ನು ತಡೆದು ತಾನೇ ಕೇಳಿದಳು.

"ಡಾಕ್ಟ್ರೇ, ಕೊಯ್ಸಿಕೊಳ್ಳಲೇಬೇಕಾ?"

"ಮಾಡಬಹುದು. ಮಾಡಲೇಬೇಕು ಅಂತಿಲ್ಲ. ಕಾಲಿಗೆ ಬಲ ಇರೋವರೆಗೂ ಕಾಯಬಹುದು. ನಿಮ್ಮ ಮಗ ಬೇಗ ಆಗಲಿ ಅಂದ್ರು, ದಿನ ಕೊಟ್ಟೆ."

ಮೊಮ್ಮಗ ಕಿಟಕಿಯ ಕಡೆ ನೋಡಿದ.

"ಕೊಯ್ಸಿಕೊಂಡ್ರೆ ಆಮೇಲೆ ನಾನು ಮೈದಾ ಮೂಟೆ ಎತ್ತಬಹುದಾ?"

"ಇಲ್ಲಮ್ಮ. ಅಂಥ ಭಾರ ಇನ್ಮೇಲೆ ಬೇಡ."

"ಕೊಯ್ಸಿಕೊಳ್ದೆ ಇದ್ರೆ?"

"ಆಗಲೂ ಬೇಡ."

ಸೊಸೆ ಕೈಮುಗಿದು ಎದ್ದಳು. ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಅವಳು ಅಷ್ಟು ಹೊತ್ತು ಮಾತಾಡದೆ ಇದ್ದದ್ದನ್ನು ನಾನು ಕಂಡಿಲ್ಲ, ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಮನೆಗೆ ಬಂದ ಮೇಲೆ ಗಂಡನನ್ನು, ಮಗಳನ್ನು ಭಟ್ಟಿಮನೆಗೆ ಕರೆದಳು. ತಾನು ಕೂರಲಿಲ್ಲ. ಮೇಜಿಗೆ ಕೈಯೂರಿ ನಿಂತಳು. ಭಟ್ಟಿ ತಣ್ಣಗಿತ್ತು.

"ನಾವು ಇಷ್ಟು ದಿನ ಜಗಳ ಆಡಿದ್ದು ಕೊಯ್ಸೋದಾ, ಎಣ್ಣೆ ಹಾಕೋದಾ ಅಂತ," ಎಂದಳು. "ಆ ಡಾಕ್ಟರಮ್ಮ ಮೊದಲ ದಿನವೇ ಕೇಳಿದ್ರು, ಮೂಟೆ ಎತ್ತೋದು ಯಾರು ಅಂತ. ಇವತ್ತು ದೊಡ್ಡ ಡಾಕ್ಟ್ರೂ ಅದನ್ನೇ ಹೇಳಿದ್ರು. ಕೊಯ್ಸಿದ್ರೂ ನಾನು ಎತ್ತಲ್ಲ, ಕೊಯ್ಸದಿದ್ರೂ ಎತ್ತಲ್ಲ. ಹಾಗಿದ್ಮೇಲೆ ನನ್ನ ಬೆನ್ನಿನ ಮಾತು ಬಿಡಿ. ಅದನ್ನ ನಾನು ನೋಡ್ಕೋತೀನಿ, ಆ ಮಹಡಿ ಹತ್ತಿ ಇಳಿದು ನೋಡ್ಕೋತೀನಿ. ನಿಮ್ಮ ಬೆನ್ನಿನ ಮಾತು ಹೇಳಿ."

ಮೊಮ್ಮಗನ ಕಣ್ಣಲ್ಲಿ ನೀರಿತ್ತು. ಅವನು ದುಷ್ಟನಲ್ಲ. ಚಿಕ್ಕಂದಿನಿಂದ ಅವಳ ಸೆರಗು ಹಿಡಿದುಕೊಂಡೇ ಬೆಳೆದವನು.

"ನಿನ್ನ ನೋವು ನೋಡೋಕಾಗಲ್ಲ ಅಂತ ತಾನೇ ಅಮ್ಮ ನಾನು ಓಡಾಡಿದ್ದು," ಎಂದ.

"ನೋಡೋಕಾಗದಿದ್ರೆ ನೋಡಬೇಡ. ಎತ್ತು."

ಮೊಮ್ಮಗಳು ಕಣ್ಣು ಒರೆಸಿಕೊಳ್ಳುತ್ತ ಸೌದೆ ಎಣಿಸುವವಳಂತೆ ಅತ್ತ ತಿರುಗಿದಳು. ನಾನು ಬಾಯಿ ಹಾಕಲಿಲ್ಲ. ಬಾಯಿ ಹಾಕುವುದಕ್ಕೆ ಸೊಸೆ ಏನನ್ನೂ ಉಳಿಸಿರಲಿಲ್ಲ.

ಅವತ್ತೇ ಎಲ್ಲ ಬದಲಾಯಿತು ಎಂದರೆ ಸುಳ್ಳಾಗುತ್ತದೆ. ಮೊಮ್ಮಗ ಎರಡು ದಿನ ಯಾರ ಜೊತೆಗೂ ಮಾತಾಡದೆ ತಟ್ಟೆ ತೆಗೆದುಕೊಂಡು ಮಹಡಿಗೆ ಹೋಗಿ ಉಂಡ. ನನ್ನ ಮಗ ಹೆಂಡತಿಯ ಎದುರು ಬರಲು ಹೆದರಿ, ಬಾಗಿಲಲ್ಲಿ ಕೆಮ್ಮಿ ಕೆಮ್ಮಿ ಒಳಗೆ ಬಂದ. ಮೂರನೆಯ ಬೆಳಿಗ್ಗೆ ಹಿಂಬಾಗಿಲಲ್ಲಿ ಗುಸುಗುಸು ಕೇಳಿ ಹೋಗಿ ನೋಡಿದೆ. ಅಪ್ಪ ಒಂದು ತುದಿ, ಮಗ ಒಂದು ತುದಿ, ನಡುವೆ ಮೂಟೆ. ಬೆನ್ನು ಬಗ್ಗಿಸಬೇಡಪ್ಪ, ಮಂಡಿ ಬಗ್ಗಿಸು, ಆಸ್ಪತ್ರೆಯ ಗೋಡೆಯ ಮೇಲೆ ಹಾಗೇ ಬರೆದಿದ್ದಾರೆ ಎಂದು ಮೊಮ್ಮಗ ಹೇಳುತ್ತಿದ್ದ. ಅಷ್ಟು ವರ್ಷ ಆ ಗೋಡೆಯ ಕೆಳಗೇ ಕೂತವನು ತನ್ನ ತಾಯಿಗೊಂದು ದಿನ ಅದನ್ನು ಹೇಳಿರಲಿಲ್ಲ. ಆ ಮಾತನ್ನು ನಾನು ನುಂಗಿಕೊಂಡೆ. ಕೆಲಸ ಮಾಡುವವನ ಕಾಲೆಳೆಯಬಾರದು.

ಮೂಟೆಯನ್ನು ತೊಟ್ಟಿಯ ಪಕ್ಕ ಇಳಿಸಿ ಮೊಮ್ಮಗ ಅಂಗಿ ಕೊಡವಿಕೊಂಡ. ಅರ್ಧ ಬೆಳ್ಳಗಾಗಿತ್ತು. ಸ್ಟೂಲಿನ ಮೇಲೆ ಕೂತಿದ್ದ ಸೊಸೆ ಅವನ ಕಡೆ ನೋಡದೆ, ಹಳೇ ಅಂಗಿ ಮೇಲಿನ ಗೂಟದಲ್ಲಿದೆ, ನಾಳೆಯಿಂದ ಅದನ್ನ ಹಾಕ್ಕೋ ಎಂದಳು. ಅಷ್ಟೇ. ಆಪರೇಷನ್ನಿಗೆ ಕೊಟ್ಟಿದ್ದ ದಿನವನ್ನು ಬೇರೆ ರೋಗಿಗೆ ಕೊಡಿ ಎಂದು ಅವನೇ ಹೇಳಿ ಬಂದನಂತೆ. ನಮಗೆ ಹೇಳಲಿಲ್ಲ, ಅವನ ತಂಗಿಗೆ ಹೇಳಿದ, ಅವಳ ಬಾಯಲ್ಲಿ ಮಾತು ನಿಲ್ಲುವುದುಂಟೇ.

ನೋವು ಪೂರ್ತಿ ಹೋಗಿಲ್ಲ. ಮೋಡ ಕವಿದ ದಿನ ಹಿಡಿದುಕೊಳ್ಳುತ್ತದೆ, ಹೆಚ್ಚು ಹೊತ್ತು ನಿಂತರೆ ಗೊಣಗುತ್ತದೆ. ವಾರಕ್ಕೊಮ್ಮೆ ಸೈಕಲ್ ಅಂಗಡಿಯ ಮಹಡಿ ಹತ್ತಿ ಎಣ್ಣೆ ಹಾಕಿಸಿಕೊಂಡು ಬರುತ್ತಾಳೆ, ಈಗ ಕಂಬಿ ಹಿಡಿಯದೆ. ಬೆಳಿಗ್ಗೆ ಚಾಪೆಯ ಮೇಲೆ ಮಲಗಿ ಸೊಂಟ ಎತ್ತಿ ಇಳಿಸುತ್ತಾಳೆ. ಆ ಹೊತ್ತಿನಲ್ಲಿ ಯಾರಾದರೂ ಕರೆದರೆ ಓಗೊಡುವುದಿಲ್ಲ. ಮೊದಲೆಲ್ಲ ಅರ್ಧ ಊಟದಿಂದ ಏಳುತ್ತಿದ್ದವಳು.

ಹೀಗಿರುವಾಗ ಒಂದು ಬೆಳಿಗ್ಗೆ ಪ್ಯಾಕೆಟ್ ಬ್ರೆಡ್ಡಿನ ಏಜೆಂಟ್ ಬಂದ. ನನ್ನ ಮಗ ಬೇಡ ಎಂದು ಹೇಳಿ ಕಳಿಸಿರಲಿಲ್ಲವಂತೆ, ಹೇಳಲು ಮುಜುಗರವಂತೆ. ಏಜೆಂಟ್ ಕಂಕುಳಲ್ಲಿ ಫೈಲು, ಕೈಯಲ್ಲಿ ಅಳತೆ ಟೇಪು. ಸಾಹುಕಾರರಿದ್ದಾರಾ, ಫ್ರಿಜ್ಜಿನ ಜಾಗ ನೋಡಬೇಕಿತ್ತು ಎಂದು ಗಲ್ಲಾ ದಾಟಿ ಸೀದಾ ಒಳಗೆ ನಡೆದ. ಒಳಗೆ ಮೊದಲ ಸರದಿ ಹೊರಬರುತ್ತಿತ್ತು. ನನ್ನ ಮಗ ಬನಿಯನ್ನಿನಲ್ಲಿ, ತಲೆತುಂಬ ಹಿಟ್ಟು, ಟ್ರೇ ಹಿಡಿದು ಬೆವರುತ್ತಿದ್ದ. ಏಜೆಂಟ್ ಗುರುತು ಸಿಗದೆ ಅವನನ್ನೇ, ಸಾಹುಕಾರರು ಎಲ್ಲಪ್ಪ ಎಂದು ಕೇಳಿದ. ಮಗ ಹೆಂಡತಿಯ ಕಡೆ ನೋಡಿದ.

ಸೊಸೆ ಭಟ್ಟಿಯ ಮುಂದೆ ನಿಂತಿದ್ದಳು. ಸ್ಟೂಲು ಪಕ್ಕಕ್ಕೆ ಸರಿಸಿದ್ದಳು. ತಿರುಗಲೂ ಇಲ್ಲ.

"ಭಟ್ಟಿ ಕಾದಿದೆ," ಎಂದಳು. "ನಿಮ್ಮ ಟೇಪು ಕರಗಿ ಹೋಗುತ್ತೆ. ಆಚೆ ನಿಂತ್ಕೊಳ್ಳಿ."

ಅವನು ಒಂದು ಸಲ ನನ್ನ ಮಗನನ್ನು, ಒಂದು ಸಲ ಅವಳ ಬೆನ್ನನ್ನು ನೋಡಿದ. ಸಾಹುಕಾರರ ಮಗ ಒಪ್ಪಿದ್ದರಲ್ಲ ಎಂದು ತೊದಲಿದ. ಹಿಂಬಾಗಿಲಲ್ಲಿ ಹಳೇ ಅಂಗಿ ಹಾಕಿಕೊಂಡು ಮೂಟೆಯ ತುದಿ ಹಿಡಿದಿದ್ದ ಮೊಮ್ಮಗ, ದಾರಿ ಬಿಡಿ ಸಾರ್, ಭಾರ ಇದೆ ಎಂದ.

ಏಜೆಂಟ್ ಹೊರಗೆ ಬಂದು ಗಲ್ಲಾದ ಮುಂದೆ ನಿಂತ. ಬಿಸಿ ಬನ್ನಿನ ವಾಸನೆಗೆ ಅವನ ಗಂಟಲು ಏರಿಳಿಯಿತು, ನಾನು ನೋಡಿದೆ. ಒಂದು ಬನ್ನು ಕೊಡಜ್ಜಿ ಎಂದ. ಕಾಗದದಲ್ಲಿ ಸುತ್ತಿ ಕೊಟ್ಟೆ. ಅವನು ದೊಡ್ಡ ನೋಟು ಚಾಚಿ, ಚಿಲ್ಲರೆ ಇಲ್ಲವಲ್ಲ ಎಂದ.

"ನನ್ನ ಹತ್ರಾನೂ ಇಲ್ಲ," ಎಂದೆ. "ನಿಮ್ಮ ಕಂಪನಿಯವರೆಲ್ಲರಿಗೂ ಬನ್ನು ತಗೊಂಡು ಹೋಗಿ."